ಹೂಮಳೆಗೆ ಮುಂಚಿನ ಅಳತೆ

ನಾನು ಸುಳ್ಳು ಬರೆದೆ. ಬರೆದದ್ದು ಒಂದೇ ಸಾಲು — ಕೋಷ್ಟಕದ ಒಂದು ಚೌಕದಲ್ಲಿ ಹಿಡಿಯುವಷ್ಟು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ಅಳೆದ ನೀರನ್ನು ಬೇಸಿಗೆಯ ನೀರು ಎಂದು ಬರೆದೆ. ಮಳೆಗೆ ಮುಂಚೆ ಅಳೆದದ್ದು ನನ್ನ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಲ್ಲಿ ಇತ್ತು. ಅದನ್ನು ಯಾರಿಗೂ ತೋರಿಸಲಿಲ್ಲ.

ಇದನ್ನು ಬರೆಯಲು ತಿಂಡಿ ತಿಂದು, ಪಾತ್ರೆ ತೊಳೆದಿಟ್ಟು ಬಂದು ಕೂತಿದ್ದೇನೆ. ಅಳು ಬಂದರೆ ಬರಲಿ ಎಂದು ಕಾದಿದ್ದೂ ಉಂಟು — ಬರಲಿಲ್ಲ. ಒಳಗೆ ಒಂದು ಜಾಗ ಮರಗಟ್ಟಿದೆ, ಅಷ್ಟೆ. ಆ ಜಾಗವನ್ನು ಬಿಟ್ಟು ಉಳಿದ ಬದುಕನ್ನೆಲ್ಲ ಚೆನ್ನಾಗಿಯೇ ನಡೆಸಿಕೊಂಡು ಬಂದಿದ್ದೇನೆ.

ನಾನು ಮೂಡಿಗೆರೆಯಲ್ಲಿ ಭೂಗೋಳದ ಟೀಚರ್. ಆರು ವರ್ಷದ ಹಿಂದೆ ನಮ್ಮ ಗುಡ್ಡಗಳ ಪ್ರವಾಸೋದ್ಯಮಕ್ಕೆ ಒಂದು ಯೋಜನೆ ಮಾಡುವ ತಂಡ ಬಂದಾಗ, ಊರಿನ ಪರಿಚಯ ಇರುವವಳು ಒಬ್ಬಳು ಇರಲಿ ಎಂದು ನನ್ನನ್ನೂ ಸೇರಿಸಿಕೊಂಡರು. ಶನಿವಾರ ಬಂತೆಂದರೆ ಗಿರಿಯ ರಸ್ತೆಯಲ್ಲಿ ಕಾರುಗಳು ಒಂದರ ಬೆನ್ನಿಗೊಂದು ನಿಲ್ಲುತ್ತಿದ್ದ ಕಾಲ. ಹುಲ್ಲುಗಾವಲಿನ ಮೇಲೆ ಜೀಪು, ಹಳ್ಳದಲ್ಲಿ ಬಾಟಲಿ. ಗುಡ್ಡ ಎಷ್ಟು ಜನರನ್ನು ಹೊರುತ್ತದೋ ಅಷ್ಟೇ ಜನ ಬರಲಿ ಎನ್ನುವುದು ಯೋಜನೆಯ ತಿರುಳು. ನಾನು ಅದನ್ನು ಮನಸಾರೆ ನಂಬಿದ್ದೆ, ಈಗಲೂ ನಂಬುತ್ತೇನೆ. ನಂಬಿದ್ದೇ ತೊಂದರೆಯಾಯಿತು ಎಂದು ಬರೆಯಲು ಹೊರಟಿದ್ದೆ — ಬೇಡ, ಅದು ನುಣುಚಿಕೊಳ್ಳುವ ಮಾತು.

ಯೋಜನೆಯಲ್ಲಿ ಒಂದು ನಿಯಮ ನನ್ನದು. ಯಾವ ಊರಿನಲ್ಲಿ ಅತಿಥಿಗಳಿಗೆ ಎಷ್ಟು ಕೋಣೆ ಕಟ್ಟಬಹುದು ಎಂಬುದನ್ನು ಆ ಊರಿನ ಬೇಸಿಗೆಯ ನೀರು ನೋಡಿ ತೀರ್ಮಾನಿಸಬೇಕು, ಮಳೆಗಾಲದ ನೀರು ನೋಡಿ ಅಲ್ಲ. ಸಭೆಯಲ್ಲಿ ಮೇಜು ಕುಟ್ಟಿ ವಾದಿಸಿ ಸೇರಿಸಿದ ನಿಯಮ. ಅದನ್ನು ಮೊದಲು ಮುರಿದವಳೂ ನಾನೇ.

ಅತ್ತಿಗುಂಡಿಯ ಆಚೆಗೆ, ಗುಡ್ಡದ ಮಡಿಲಲ್ಲಿ ಒಂದು ಚಿಕ್ಕ ಊರು. ಹೆಸರು ಬೇಡ. ಮೇಲೆ ಶೋಲಾ ಕಾಡು, ಕಾಡಿನ ಅಂಚಿನಲ್ಲಿ ಒಂದು ಒರತೆ, ಅದರ ಕೆಳಗೆ ಕಾಫಿ ತೋಟ, ತೋಟದ ಕೆಳಗೆ ಕೆಲಸದವರ ಲೈನು — ಏಳು ಮನೆ. ಏಳು ಮನೆಗೂ ಅದೊಂದೇ ಒರತೆಯ ನೀರು, ಪೈಪಿನಲ್ಲಿ. ಪೈಪಿನ ಬಾಯಿಗೆ ಎಲೆ ಕಟ್ಟದಂತೆ ನೋಡಿಕೊಳ್ಳುತ್ತಿದ್ದವಳು ಲೈನಿನ ಕೊನೆಯ ಮನೆಯ ಗಿರಿಜಕ್ಕ. ನನಗಿಂತ ಐದಾರು ವರ್ಷ ದೊಡ್ಡವಳು. ಆದರೂ ಅವಳು ನನಗೆ ನೀವು ಎನ್ನುತ್ತಿದ್ದಳು, ನಾನು ಅವಳಿಗೆ ನೀನು ಎನ್ನುತ್ತಿದ್ದೆ. ತೋಟಗಳಲ್ಲಿ ಹಾಗೇ ರೂಢಿ, ನಾನೂ ಅದನ್ನು ಬಿಟ್ಟಿರಲಿಲ್ಲ.

ಮೊದಲ ಸಲ ಅಳೆದದ್ದು ಹೂಮಳೆಗೆ ಮುಂಚೆ. ಕಾಫಿ ಗಿಡದಲ್ಲಿ ಮೊಗ್ಗು ಕಾದು ನಿಂತಿರುವ, ಊರಿಗೆ ಊರೇ ಆಕಾಶ ನೋಡುವ ದಿನಗಳವು. ನಮ್ಮ ಕಡೆಯ ನಿಜವಾದ ಬೇಸಿಗೆ ಎಂದರೆ ಅದೇ. ಗಿರಿಜಕ್ಕ ಪೈಪು ಕಳಚಿ ಬಾಯಿಗೆ ಬಕೆಟ್ ಹಿಡಿದಳು. ನಾನು ಮೊಬೈಲಿನಲ್ಲಿ ಅದು ತುಂಬುವ ಹೊತ್ತು ನೋಡುತ್ತಿದ್ದೆ. ಅವಳು ತನ್ನ ಪಾಡಿಗೆ ಹೆಸರು ಹೇಳುತ್ತಿದ್ದಳು — ಚಂದ್ರಣ್ಣ, ಲಲಿತ, ಬೋರಣ್ಣ, ಸರೋಜ, ಮಂಜಯ್ಯ, ಪಾರ್ವತಿ, ನಮ್ಮನೆ. ಮತ್ತೆ ಚಂದ್ರಣ್ಣ, ಲಲಿತ...

"ಇದೇನು ಮಾರಾಯ್ತಿ, ಹಾಜರಿ ಕೂಗ್ತಿದ್ದೀಯ?" ಎಂದು ನಕ್ಕೆ.

"ಒಂದು ಎರಡು ಅಂತ ಎಣಿಸಿದ್ರೆ ಮಧ್ಯ ಮರ್ತ್‌ಹೋಗ್ತದೆ ಮೇಡಂ. ಹೆಸರಾದ್ರೆ ಯಾರಿಗೆ ನೀರು ಬೇಕು ಅಂತ ಗ್ಯಾನ ಇರ್ತದೆ."

ಏಳು ಹೆಸರು ಇಪ್ಪತ್ತು ಸುತ್ತು ಬಂದ ಮೇಲೆ ಬಕೆಟ್ ತುಂಬಿತು. ನೋಟ್‌ಬುಕ್ಕಿನಲ್ಲಿ ನನ್ನ ಮೊಬೈಲಿನ ಲೆಕ್ಕವನ್ನೂ ಬರೆದೆ, ತಮಾಷೆಗೆಂದು ಅವಳದ್ದನ್ನೂ ಬರೆದೆ. ಆ ನೀರು ಏಳು ಮನೆಗೇ ಕಷ್ಟ, ಇನ್ನು ಒಂದು ಕೋಣೆಗೂ ಸಾಲದು ಎಂದು ಅಲ್ಲೇ ಗೊತ್ತಾಯಿತು.

ಮರುವಾರ ಹೂಮಳೆ ಬಂತು. ಆ ವರ್ಷ ಒಂದೇ ದಿನಕ್ಕೆ ನಿಲ್ಲಲಿಲ್ಲ, ಸಂಜೆ ಸಂಜೆ ಹಿಡಿದು ಹೊಡೆಯಿತು. ಅದಾಗಿ ಎಂಟೊಂಬತ್ತು ದಿನಕ್ಕೆ ತಂಡದ ಹಿರಿಯರು ಊರು ನೋಡಲು ಬಂದರು. ತೋಟವೆಲ್ಲ ಬೆಳ್ಳಗೆ ಹೂವು, ಘಮ್ಮೆನ್ನುವ ಪರಿಮಳ. ಬಯಲುಸೀಮೆಯವರು ಅವರು, ಪಾಪ, ಗಿಡ ಗಿಡಕ್ಕೂ ನಿಂತು ಫೋಟೋ ತೆಗೆದರು. ಇದನ್ನೇ ಮಾದರಿ ಊರು ಮಾಡೋಣ ಎಂದರು. ಜೀಪಿಲ್ಲದೆ ನಡೆದೇ ನೋಡುವ ದಾರಿ, ಸ್ಥಳೀಯರೇ ಮಾರ್ಗದರ್ಶಕರು, ಪ್ಲಾಸ್ಟಿಕ್ ಇಲ್ಲ, ಕೆಲವೇ ಕೋಣೆಗಳು. ಬರೀ ಬೇಡ ಬೇಡ ಎನ್ನುವ ಯೋಜನೆಯನ್ನು ಯಾರೂ ಓದುವುದಿಲ್ಲ, ಹೀಗೆ ಮಾಡಿ ಎಂದು ಒಂದು ಊರನ್ನಾದರೂ ತೋರಿಸಬೇಕು ಎಂದರು. ಆ ಅಧ್ಯಾಯ ನೀವೇ ಬರೆಯಿರಿ, ನಿಮ್ಮ ಹೆಸರಿನಲ್ಲೇ ಬರಲಿ ಎಂದೂ ಹೇಳಿದರು.

ಒರತೆಗೆ ಹೋದೆವು. ಗಿರಿಜಕ್ಕ ಮತ್ತೆ ಬಕೆಟ್ ಹಿಡಿದಳು. ಚಂದ್ರಣ್ಣ, ಲಲಿತ, ಬೋರಣ್ಣ, ಸರೋಜ — ಅಲ್ಲಿಗೇ ತುಂಬಿ ಹೊರಗೆ ಚೆಲ್ಲಿತು. ಅವಳ ಮನೆಯ ಹೆಸರು ಬರಲೇ ಇಲ್ಲ. ಅವಳು ನನ್ನ ಮುಖ ನೋಡಿದಳು.

"ಮೇಡಂ, ಇದು ಮಳೆ ನೀರು. ಹದಿನೈದು ದಿನ ಬಿಟ್ಟು ನೋಡಿ, ಇರಲ್ಲ."

ಹಿರಿಯರು ನನ್ನ ಕಡೆ ತಿರುಗಿದರು. "ಇದು ಬೇಸಿಗೆ ತಿಂಗಳೇ ತಾನೇ?"

ಕ್ಯಾಲೆಂಡರಿನ ಪ್ರಕಾರ ಹೌದು. ಕಾಫಿ ಗಿಡದ ಪ್ರಕಾರ ಅಲ್ಲ. ಹೂಮಳೆಗೆ ಹಿಂದೆ ಒಂದು ಕಾಲ, ಮುಂದೆ ಇನ್ನೊಂದು ಕಾಲ — ಅದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿರಲಿ ಎಂದೇ ನನ್ನನ್ನು ಇಟ್ಟುಕೊಂಡಿದ್ದರು.

"ಬೇಸಿಗೆಯೇ" ಎಂದೆ.

ಇಳಿದು ಬರುವಾಗ ಗಿರಿಜಕ್ಕ ಹಿಂದಿನಿಂದ ಮೆಲ್ಲಗೆ ಕೇಳಿದಳು. "ಹೋದ್ಸಲದ್ದೂ ಬರೀತೀರಲ್ಲ ಮೇಡಂ?"

"ಎರಡೂ ಬರೀತೀನಿ ಬಿಡು."

ಬರೆಯುವವಳೇ ಇದ್ದೆ. ಆವತ್ತು ರಾತ್ರಿ ಊಟವಾಗುವವರೆಗೂ ಬರೆಯುವವಳೇ ಇದ್ದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೂ ಎಷ್ಟು ನಿಜವೋ. ಕೋಷ್ಟಕದಲ್ಲಿ ಒಂದೇ ಚೌಕ ಇತ್ತು. ಕೆಳಗೆ ಒಂದು ಟಿಪ್ಪಣಿ ಹಾಕಬಹುದಿತ್ತು, ಹಾಕಲು ಬರುತ್ತಿತ್ತು, ಹಾಕಲಿಲ್ಲ. ಹಾಕಿದ್ದರೆ ಆ ಊರು ಯೋಜನೆಯಿಂದ ಬಿದ್ದುಹೋಗುತ್ತಿತ್ತು. ನನ್ನ ಅಧ್ಯಾಯವೂ.

ಯೋಜನೆ ಒಪ್ಪಿಗೆಯಾಯಿತು. ಕೋಣೆಗಳು ಬಂದವು — ಯೋಜನೆಯಲ್ಲಿ ಹೇಳಿದಷ್ಟೇ, ಒಂದೂ ಹೆಚ್ಚಿಲ್ಲ. ನಡೆಯುವ ದಾರಿ ಬಂತು. ಬಾಟಲಿಗಳು ನಿಜವಾಗಿಯೂ ಕಡಿಮೆಯಾದವು. ಒರತೆಯ ಪಕ್ಕದಲ್ಲಿ ಕೋಣೆಗಳಿಗೆಂದು ಒಂದು ಟ್ಯಾಂಕು ಕಟ್ಟಿ, ಲೈನಿನ ಪೈಪಿಗಿಂತ ಮೇಲಕ್ಕೆ ಇನ್ನೊಂದು ಪೈಪು ಇಟ್ಟರು. ಎಲ್ಲವೂ ಕ್ರಮಬದ್ಧ. ಕೋಷ್ಟಕದಲ್ಲಿ ನೀರು ಧಾರಾಳವಾಗಿತ್ತಲ್ಲ.

ಮೊದಲ ಬೇಸಿಗೆಗೇ ಲೈನಿನ ನಲ್ಲಿ ಒಣಗಿತು. ಕೆಳಗಿನ ಹಳ್ಳದಿಂದ ಹೊತ್ತರು. ಎರಡನೆಯ ಬೇಸಿಗೆಗೆ ಮಂಜಯ್ಯನ ಮನೆಯವರು ಮಲ್ಲಂದೂರು ಕಡೆಯ ತೋಟಕ್ಕೆ ಹೋದರು, ಆಮೇಲೆ ಲಲಿತ, ಆಮೇಲೆ ಬೋರಣ್ಣ. ಗಿರಿಜಕ್ಕ ಎಲ್ಲರಿಗಿಂತ ಕೊನೆಯವರೆಗೆ ಇದ್ದಳು. ಏರಿನಲ್ಲಿ ಕೊಡ ಹೊತ್ತು ಹೊತ್ತು ಮಂಡಿ ಹೋದ ಮೇಲೆ ಕಳಸದ ಹತ್ತಿರ ತಂಗಿಯ ಮನೆ ಸೇರಿದಳು. ಇದೆಲ್ಲ ನನ್ನ ಕಿವಿಗೆ ಬೀಳುತ್ತಲೇ ಇತ್ತು. ಅಯ್ಯೋ ಎನ್ನುತ್ತಿದ್ದೆ, ಎಲ್ಲರ ಹಾಗೆ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲವೇನೋ. ಹೋದ ವರ್ಷ ಕಳಸದ ಬಸ್‌ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ಅವಳೇ ಗುರುತು ಹಿಡಿದು, ಕಾಲೆಳೆಯುತ್ತಾ ಬಂದಳು. ಪಕ್ಕದಲ್ಲಿ ಕೂರಿಸಿಕೊಂಡು, ತಂಗಿಗೆ ನನ್ನನ್ನು ತೋರಿಸಿ ಹೇಳಿದಳು — "ಇವರೇ ಕಣೇ, ನಾನ್ ಹೇಳ್ತಿದ್ನಲ್ಲ, ಮೇಡಂ. ಇವ್ರು ಎರಡೂ ಬರ್ದಿದ್ರು. ಮೇಲಿನವ್ರು ನೋಡ್ಲಿಲ್ಲ ಅಷ್ಟೆ." ಆಮೇಲೆ ನನ್ನ ಕಡೆ ತಿರುಗಿ, "ಲೈನಿನವ್ರು ನಿಮ್ಮನ್ನ ಬೈತಿದ್ರು ಮೇಡಂ. ನಾನು ಬಿಡ್ಲಿಲ್ಲ. ಎರಡೂ ಬರ್ದಿದ್ರಿ ಅಲ್ವಾ?"

"ಬರೆದಿದ್ದೆ" ಎಂದೆ.

ಅಷ್ಟು ಸಲೀಸಾಗಿ ಬಂತು. ಮೊದಲ ಸುಳ್ಳಿಗೆ ಹಿರಿಯರಿದ್ದರು, ಹೂವಿತ್ತು, ಒಂದು ಆಸೆಯಿತ್ತು. ಎರಡನೆಯದಕ್ಕೆ ಏನಿತ್ತು? ಬಸ್ಸಿಗೆ ಇನ್ನೂ ಸಮಯವಿತ್ತು. ಅವಳು ಚೀಲದಿಂದ ನಾಲ್ಕು ಕಿತ್ತಳೆ ತೆಗೆದು ನನ್ನ ಕೈಗಿಟ್ಟಳು. ತಂದು ತಿಂದೆ. ರುಚಿಯಾಗಿದ್ದವು — ಅದನ್ನೂ ಹೇಳಿಬಿಡಬೇಕು.

ಈಗ ಯೋಜನೆಯನ್ನು ಮರುಪರಿಶೀಲಿಸುತ್ತಿದ್ದಾರಂತೆ. ಮಾದರಿ ಊರಿನ ಬಗ್ಗೆ ಮುನ್ನುಡಿ ಬರೆದುಕೊಡಿ ಎಂದು ನನಗೆ ಪತ್ರ ಬಂತು. ಮುನ್ನುಡಿಯ ಬದಲು ಪೆನ್ಸಿಲಿನಲ್ಲಿ ಬರೆದ ಆ ಹಾಳೆಯನ್ನು ಕಳಿಸಿದ್ದೇನೆ, ಜೊತೆಗೆ ಏನು ಮಾಡಿದೆ ಎಂದು ನನ್ನ ಸಹಿ ಹಾಕಿ ಬರೆದಿದ್ದೇನೆ. ಅವರು ಏನು ಮಾಡುತ್ತಾರೋ ಗೊತ್ತಿಲ್ಲ. ಲೈನು ಖಾಲಿಯಾಗಿದೆ. ನೀರು ಬಿಟ್ಟರೂ ಹಿಡಿಯುವವರು ಅಲ್ಲಿಲ್ಲ. ಸರಿಯಾಯಿತು ಎಂದು ನನಗೇನೂ ಅನ್ನಿಸಲಿಲ್ಲ, ಹಗುರವೂ ಆಗಲಿಲ್ಲ.

ನಾಳೆ ಬೆಳಿಗ್ಗೆ ಕಳಸಕ್ಕೆ ಹೋಗುತ್ತೇನೆ. ಅವಳು ಬೈಯಬಹುದು. ಸುಮ್ಮನೆ ನೋಡಬಹುದು. ನನ್ನ ಪರವಾಗಿ ಅಷ್ಟು ವರ್ಷ ಜಗಳವಾಡಿದ್ದು ನೆನಪಾಗಿ ಅವಳಿಗೇ ನಾಚಿಕೆಯಾಗಬಹುದು — ನನಗೆ ಹೆದರಿಕೆ ಇರುವುದು ಅದರದ್ದೇ. ಹೇಳಬೇಕಾದ ಮಾತು ತಯಾರಿದೆ. ನಾನು ಒಂದೇ ಬರೆದಿದ್ದೆ ಗಿರಿಜಕ್ಕ, ನಿಮಗೆ ಸುಳ್ಳು ಹೇಳಿದೆ. ಇಷ್ಟು ಹೇಳಲು ಅವಳ ಲೆಕ್ಕದಲ್ಲಿ ಚಂದ್ರಣ್ಣನಿಂದ ಬೋರಣ್ಣನವರೆಗೆ ಹೋಗುವಷ್ಟು ಹೊತ್ತು ಸಾಕು. ನಾನು ಆರು ವರ್ಷ ತೆಗೆದುಕೊಂಡೆ.