ಜಯದೇವಿ ಟೀಚರು ನಡೆಸಿದ ತಾಯಂದಿರ ತರಗತಿ

ಜಯದೇವಿ ಟೀಚರು ಗದಗದಿಂದ ವರ್ಗವಾಗಿ ಬೆಂಗಳೂರಿನ ಕೆ.ಆರ್. ಪುರದ ನಮ್ಮ ಸರ್ಕಾರಿ ಶಾಲೆಗೆ ಬಂದದ್ದು ತೊಂಬತ್ತಾರರಲ್ಲಿ. ಗಂಡ ಶಿವಶಂಕರಪ್ಪನವರಿಗೆ ಇಲ್ಲಿನ ಕಾರ್ಖಾನೆಯೊಂದರ ಕಚೇರಿಯಲ್ಲಿ ಕೆಲಸ ಸಿಕ್ಕಿತ್ತು. ನಾನು ಆ ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ, ಅವರದು ಗಣಿತ. ಅವರು "ಬರ್ರಿ, ಕುಂದರ್ರಿ" ಅಂದರೆ ಮಕ್ಕಳು ಮುಸಿಮುಸಿ ನಗುತ್ತಿದ್ದವು. ಅವರೂ ಜೊತೆಗೆ ನಗುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ಅವರಿಗೆ ನಗು ಬರುತ್ತಿರಲಿಲ್ಲ. ಮಗು ಲೆಕ್ಕದಲ್ಲಿ ಹಿಂದೆ ಬಿದ್ದಿದೆ ಎಂದು ನಾವು ಅಪ್ಪ ಅಮ್ಮನನ್ನು ಕರೆಸುತ್ತಿದ್ದೆವು. ಅವರು ಕೈಕಟ್ಟಿಕೊಂಡು ಬಾಗಿಲಲ್ಲೇ ನಿಂತು ಕೇಳಿಸಿಕೊಂಡು ಹೋಗುವರು. ಮರುದಿನ ಮಗುವಿನ ಕಾಲಿನ ಮೇಲೆ ಬಾಸುಂಡೆ ಇರುತ್ತಿತ್ತು.

"ನಾವು ಅವರನ್ನ ಕರಸೋದು ಮಕ್ಕಳನ್ನ ಹೊಡಸಾಕೇನ್ರೀ?" ಎಂದು ಒಂದು ದಿನ ಸ್ಟಾಫ್ ರೂಮಿನಲ್ಲಿ ಕೇಳಿದರು.

ಆಮೇಲೆ ಅವರು ದೂರು ಹೇಳಲು ಯಾರನ್ನೂ ಕರೆಸಲಿಲ್ಲ. ಶಾಲೆ ಬಿಟ್ಟ ಮೇಲೆ ತಾವೇ ಮನೆಗಳಿಗೆ ಹೋಗತೊಡಗಿದರು. ಮೊದಲು ಹೋದದ್ದು ಮೂರನೇ ಕ್ಲಾಸಿನ ದಿವ್ಯಳ ಮನೆಗೆ. ನಾನೂ ಜೊತೆಗಿದ್ದೆ. ಅವರೆಕಾಯಿಯ ಕಾಲ. ದಿವ್ಯಳ ತಾಯಿ ಗಂಗಲಕ್ಷ್ಮಮ್ಮ ಜಗುಲಿಯ ಮೇಲೆ ಕೂತು ಕಾಯಿ ಸುಲಿಯುತ್ತಿದ್ದರು. ನಮ್ಮನ್ನು ಕಂಡದ್ದೇ ಎದ್ದು ಮಗಳ ಕಡೆ ತಿರುಗಿದರು. "ಏನ್ ಮಾಡ್ದೇ? ಬೊಗಳು."

"ಆಕಿ ಏನೂ ಮಾಡಿಲ್ರೀ," ಎನ್ನುತ್ತಾ ಜಯದೇವಿ ಟೀಚರು ಪಕ್ಕದಲ್ಲೇ ಕೂತು ಒಂದು ಹಿಡಿ ಕಾಯಿ ಎತ್ತಿಕೊಂಡರು. "ದಿವಸಾ ಒಂಚೂರು ಹೊತ್ತು ಲೆಕ್ಕ ಮಾಡೋವಾಗ ಮಗಳ ಕೂಡ ಕುಂದರ್ರಿ ಅಂತ ಹೇಳಾಕ ಬಂದೆ."

"ನಂಗೆಲ್ಲಿ ಬತ್ತೈತೆ ಮಿಸ್? ನಾನು ಸ್ಕೂಲ್ ಮೆಟ್ಲು ಹತ್ತಿದೋಳಲ್ಲ."

"ನೀವು ಕಲಸಬ್ಯಾಡ್ರಿ. ಆಕಿನೇ ನಿಮಗ ತಿಳಿಸಿ ಹೇಳಲಿ. ಉತ್ತರ ಹೆಂಗ ಬಂತು ಅಂತ ಕೇಳ್ರಿ, ಸಾಕು. ಬೈಯಬ್ಯಾಡ್ರಿ."

ಸುಲಿದ ಕಾಳನ್ನು ದಿವ್ಯ ಮೂರು ತಟ್ಟೆಗೆ ಸಮನಾಗಿ ಹಂಚಿದಳು. ಗಂಗಲಕ್ಷ್ಮಮ್ಮ ಸಂಕೋಚದಿಂದಲೇ "ಎಂಗ್ ಬಂತು?" ಅಂದರು. ಮಗು ಹೇಳತೊಡಗಿತು, ತಪ್ಪಿತು, ಮತ್ತೆ ಮೊದಲಿನಿಂದ ಹೇಳಿತು. ಮಗಳ ಮಾತನ್ನು ಅಷ್ಟು ಹೊತ್ತು ಕೂತು ಕೇಳಿದ್ದು ಅದೇ ಮೊದಲು ಎಂದು ಗಂಗಲಕ್ಷ್ಮಮ್ಮ ನಮಗೆ ಆಮೇಲೆ ಒಂದು ದಿನ ಹೇಳಿದರು.

ಹಾಗೆ ಶುರುವಾದದ್ದು ಶನಿವಾರದ ತರಗತಿ. ಅರ್ಧ ದಿನದ ಶಾಲೆ ಮುಗಿದ ಮೇಲೆ ವರಾಂಡದಲ್ಲಿ ಚಾಪೆ ಹಾಸಿ, ತಾಯಂದಿರನ್ನು ಮಕ್ಕಳ ಜೊತೆ ಕೂರಿಸಿ, ಹುಣಸೆಬೀಜ, ಬಳೆಚೂರು, ಚೌಕಾಬಾರದಲ್ಲಿ ಲೆಕ್ಕ ಆಡಿಸುವುದು. ಮೊದಲ ವಾರ ಬಂದವರು ಬೆರಳೆಣಿಕೆಯಷ್ಟು. ಗಂಗಲಕ್ಷ್ಮಮ್ಮನೇ ಮನೆಮನೆಗೆ ಹೋಗಿ "ಬರ್ರೇ, ಈ ಮಿಸ್ಸು ಬೈಯಾಕಿಲ್ಲ" ಎಂದು ಕರೆತಂದರು. ಸಂತೆ ಬೀದಿಯ ಜಹನಾರಾ ಮಗನ ಕೈ ಹಿಡಿದು ಬಂದರು. ಒಬ್ಬರು ಉರ್ದುವಿನಲ್ಲಿ ಎಣಿಸಿದರೆ ಇನ್ನೊಬ್ಬರು ತಮಿಳಿನಲ್ಲಿ. ಎರಡನೇ ವರ್ಷಕ್ಕೆ ವರಾಂಡ ಸಾಲದೆ ಚಾಪೆಗಳು ಅಂಗಳಕ್ಕೆ ಇಳಿದವು. ಲೆಕ್ಕದ ಪೀರಿಯಡ್ ಬಂದರೆ ಹೊಟ್ಟೆನೋವು ಅನ್ನುತ್ತಿದ್ದ ಮಕ್ಕಳು ಬೋರ್ಡಿನ ಮುಂದೆ ಸುಣ್ಣದ ಕಡ್ಡಿಗಾಗಿ ಜಗಳವಾಡಿದವು. ಜಯದೇವಿ ಟೀಚರಿಗೆ ಮಕ್ಕಳಿರಲಿಲ್ಲ. ಆ ದಿನಗಳಲ್ಲಿ ಅವರ ಮುಖದಲ್ಲಿದ್ದ ಕಳೆಯನ್ನು ನಾನು ಮತ್ತೆಂದೂ ಕಾಣಲಿಲ್ಲ.

ಅಷ್ಟರಲ್ಲಿ ಸುತ್ತಲಿನ ಹೊಲಗಳು ಲೇಔಟುಗಳಾದವು. ದಿವ್ಯಳ ತಂದೆ ರಾಮಾಂಜಿನಪ್ಪ ರಿಂಗ್ ರೋಡಿನ ಕಡೆಯ ಜಮೀನು ಮಾರಿ ಮೂರಂತಸ್ತಿನ ಮನೆ ಕಟ್ಟಿಸಿದರು. ಹೊಸ ಇಂಗ್ಲಿಷ್ ಶಾಲೆಯ ಹಳದಿ ಬಸ್ಸು ನಮ್ಮ ಗೇಟಿನ ಮುಂದೆಯೇ ಹಾದುಹೋಗತೊಡಗಿತು. ದಿವ್ಯ ಐದನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಗಂಗಲಕ್ಷ್ಮಮ್ಮ ಒಬ್ಬರೇ ಬಂದರು.

"ಮಿಸ್, ಟೀಸಿ ಕೊಡ್ಬೇಕು."

ಜಯದೇವಿ ಟೀಚರು ಪೆನ್ನು ಕೆಳಗಿಟ್ಟರು. "ಯಾಕ್ರೀ? ನಮ್ಮಿಂದ ಏನರ ತಪ್ಪಾತೇನು?"

"ಅಯ್ಯೋ, ಬುಡ್ತು ಅನ್ನಿ. ನನ್ ಮಗಳಿಗೆ ತಲೆ ಐತೆ ಅಂತ ತೋರಿಸ್ಕೊಟ್ಟೋರೇ ನೀವು. ಅಂಥೋಳ್ನ ಇಲ್ಲೇ ಮಡಿಕ್ಕೊಳ್ಳೋದಾ? ಇಂಗ್ಲಿಷ್ ಸ್ಕೂಲಿಗೆ ಆಕಾಣ ಅಂದ್ರು ಅವ್ರಪ್ಪ. ನಾನೂ ಊಂ ಅಂದೆ."

ಜಯದೇವಿ ಟೀಚರು, "ಛಲೋ ಆತು. ಓದಸ್ರಿ," ಅಂದರು. ಆಕೆ ಹೋದ ಮೇಲೆ ನನ್ನ ಕಡೆ ನೋಡಿದರು. ಕಣ್ಣು ತುಂಬಿತ್ತು. "ಆಕಿ ಹೇಳಿದ್ದರಾಗ ತಪ್ಪೇನೈತ್ರೀ?"

ತಪ್ಪೇನೂ ಇರಲಿಲ್ಲ. ಆದರೆ ಆಮೇಲೆ ಟೀಸಿ ಕೇಳಿಕೊಂಡು ಒಬ್ಬೊಬ್ಬರಾಗಿ ಬಂದರು, ಶನಿವಾರ ತಪ್ಪಿಸದೆ ಬರುತ್ತಿದ್ದವರೇ ಮೊದಲು. ಮಕ್ಕಳ ಮೇಲೆ ಭರವಸೆ ಹುಟ್ಟಿದ ಮನೆಗಳೇ ನಮ್ಮ ಶಾಲೆ ಬಿಟ್ಟವು. ಫೀಸು ಕಟ್ಟಲಾಗದ ಜಹನಾರಾ ಮತ್ತು ಅವರಂಥ ಕೆಲವರು ಉಳಿದರು.

ಎರಡು ವರ್ಷದ ನಂತರ ಒಂದು ಶನಿವಾರ ಗಂಗಲಕ್ಷ್ಮಮ್ಮ ಬಂದು ಚಾಪೆಯ ತುದಿಯಲ್ಲಿ ಕೂತರು. ಜೊತೆಯಲ್ಲಿ ಮಗಳಿರಲಿಲ್ಲ.

"ಅಲ್ಲಿ ನಮ್ಮುನ್ನ ಗೇಟ್ ಒಳಿಕ್ಕೇ ಬುಡಲ್ಲ ಮಿಸ್. ಮೀಟಿಂಗ್‌ಗೆ ನೀನ್ ಬರ್ಬೇಡ, ಅಪ್ಪ ಬರ್ಲಿ ಅಂತಾಳೆ ಮಗ್ಳು. ಲೆಕ್ಕದಲ್ಲಿ ಫೇಲಾಗವ್ಳೆ. ಎಂಗ್ ಬಂತು ಅಂತ ಕೇಳಿದ್ರೆ, ನಿಂಗೆ ಇಂಗ್ಲಿಷ್ ಬರಲ್ಲ, ಸುಮ್ನಿರಮ್ಮ ಅಂತಾಳೆ."

ಮರುವಾರವೇ ಜಯದೇವಿ ಟೀಚರು ಆ ಶಾಲೆಗೆ ಹೋದರು. ಸಂಬಳ ಬೇಡ, ವಾರಕ್ಕೊಮ್ಮೆ ನಿಮ್ಮ ಶಾಲೆಯ ತಾಯಂದಿರನ್ನು ಮಕ್ಕಳ ಜೊತೆ ಕೂರಿಸುತ್ತೇನೆ ಎಂದು ಕೇಳಿಕೊಂಡರು. ಪ್ರಿನ್ಸಿಪಾಲರು ಕಾಫಿ ತರಿಸಿದರು. "ಮೇಡಂ, ಮನೇಲಿ ಹೇಳ್ಕೊಡಕ್ಕಾಗಲ್ಲ ಅಂತಾನೇ ನಮ್ ಪೇರೆಂಟ್ಸ್ ಇಲ್ಲಿಗೆ ಕಳಿಸೋದು. ಹುಡುಗಿ ವೀಕ್ ಇದ್ರೆ ಟ್ಯೂಷನ್‌ಗೆ ಹಾಕ್ಲಿ."

ಅಲ್ಲಿಂದ ನೇರವಾಗಿ ದಿವ್ಯಳ ಮನೆಗೆ ಹೋದರು. ಶಾಲೆಯಿಂದ ಆಗತಾನೇ ಬಂದ ಹುಡುಗಿ ಟೈ ಸಡಿಲಿಸಿಕೊಂಡು ನಮಸ್ಕಾರ ಮಾಡಿದಳು. ಟೀಚರು ಪುಸ್ತಕ ತರಿಸಿ ಭಿನ್ನರಾಶಿಯ ಒಂದು ಲೆಕ್ಕ ತೋರಿಸಿದರು. "ಇದನ್ನ ಅಮ್ಮಗ ತಿಳಿಸಿ ಹೇಳು ನೋಡೂಣು."

ಗಂಗಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು ಆಸೆಯಿಂದ ಮುಂದಕ್ಕೆ ಬಾಗಿದರು. ದಿವ್ಯ, "ಇದು ನ್ಯೂಮರೇಟರ್ ಅಮ್ಮ... ಅಂದ್ರೆ..." ಎಂದು ನಿಲ್ಲಿಸಿದಳು. ಮತ್ತೆ ಶುರುಮಾಡಿ ಮತ್ತೆ ನಿಂತಳು. ತಾಯಿಯ ಮುಖ ನೋಡಿದಳು.

"ಕನ್ನಡದಲ್ಲಿ ಏನಂತಾರೋ ಮರ್ತೋಯ್ತು ಮಿಸ್. ಇಂಗ್ಲಿಷಲ್ಲಿ ನಂಗೇ ಅರ್ಥ ಆಗಿಲ್ಲ. ಅಮ್ಮಂಗೆ ಏನ್ ಹೇಳ್ಲಿ?"

ಪುಸ್ತಕ ಮುಚ್ಚಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಂಗಲಕ್ಷ್ಮಮ್ಮ ಆ ಬಾಗಿಲನ್ನೇ ನೋಡುತ್ತಾ, "ನಾನೇ ಕೈಯಾರ ಕಳಿಸ್ಬಿಟ್ಟೆ ಮಿಸ್," ಅಂದರು. ಜಯದೇವಿ ಟೀಚರು ಆಕೆಯ ಬೆನ್ನ ಮೇಲೆ ಕೈಯಿಟ್ಟು ಕೂತರು. ಇದನ್ನೆಲ್ಲ ಅವರೇ ಮರುದಿನ ನನ್ನೊಡನೆ ಹೇಳಿಕೊಂಡರು. ಆಮೇಲೂ ಕೆಲವು ಭಾನುವಾರ ಹೋದರು. ಪ್ರತಿಸಲವೂ ದಿವ್ಯ ಟ್ಯೂಷನ್‌ಗೆ ಹೋಗಿರುತ್ತಿದ್ದಳು.

ಎರಡು ಸಾವಿರದ ಮೂರರಲ್ಲಿ ಮಕ್ಕಳ ಸಂಖ್ಯೆ ಸಾಲದೆಂದು ನಮ್ಮ ಶಾಲೆಯನ್ನು ಇನ್ನೊಂದು ಶಾಲೆಗೆ ಸೇರಿಸಿದರು. ಬೆಂಚುಗಳನ್ನು ಲಾರಿಗೆ ಏರಿಸುವ ದಿನ ಜಹನಾರಾ ಬಂದು ಖಾಲಿ ವರಾಂಡವನ್ನು ಗುಡಿಸಿಕೊಟ್ಟು ಹೋದರು. ಮುಂದಿನ ವರ್ಷ ದಿವ್ಯ ಹತ್ತನೇ ಕ್ಲಾಸಿನ ಗಣಿತದಲ್ಲಿ ನಪಾಸಾಗಿ ಓದು ಬಿಟ್ಟಳು. ಆ ಸುದ್ದಿಯನ್ನು ಜಯದೇವಿ ಟೀಚರಿಗೆ ನಾನೇ ಹೇಳಬೇಕಾಯಿತು. "ಹೌದ್ರೀ?" ಎಂದಷ್ಟೇ ಅಂದು ಫೋನಿಟ್ಟರು.

ಅವರಿಗೆ ಮಾರತ್ತಹಳ್ಳಿ ಕಡೆಯ ಶಾಲೆಗೆ ವರ್ಗವಾಗಿತ್ತು. ಅಲ್ಲಿ ಅಪಾರ್ಟ್‌ಮೆಂಟ್ ಕಟ್ಟಲು ರಾಯಚೂರು ಕಡೆಯಿಂದ ಬಂದವರ ಮಕ್ಕಳಿದ್ದರು. ತಮ್ಮ ಕಡೆಯ ಮಾತು ಕೇಳಿ ಟೀಚರಿಗೆ ಜೀವ ಬಂದಂತಾಯಿತು. ತಗಡಿನ ಶೆಡ್ಡುಗಳಿಗೆ ಹೋಗಿ ತಾಯಂದಿರನ್ನು ಕರೆದರು. ಒಂದು ಶನಿವಾರ ಆ ತಾಯಂದಿರು ಸಿಮೆಂಟು ಮೆತ್ತಿದ ಕೈಗಳಲ್ಲೇ ಬಂದು ಕೂತು ಮಕ್ಕಳೊಡನೆ ಆಡಿದರು. ಮುಂದಿನ ಶನಿವಾರ ಯಾರೂ ಬರಲಿಲ್ಲ. ಹೋಗಿ ನೋಡಿದರೆ ಶೆಡ್ಡುಗಳು ಖಾಲಿ. ಮೇಸ್ತ್ರಿ ಅವರನ್ನೆಲ್ಲ ಬೇರೆ ಕಟ್ಟಡದ ಕೆಲಸಕ್ಕೆ ಸಾಗಿಸಿದ್ದ. ಎಲ್ಲಿಗೆಂದು ಕಾವಲುಗಾರನಿಗೂ ಗೊತ್ತಿರಲಿಲ್ಲ.

ಅಲ್ಲಿಂದ ಮುಂದೆ ಟೀಚರು ಯಾರನ್ನೂ ಕರೆಯಲಿಲ್ಲ. ನಿವೃತ್ತಿಗೆ ಇನ್ನೂ ವರ್ಷಗಳಿದ್ದವು, ಪಾಠ ಚೆನ್ನಾಗಿಯೇ ಮಾಡುತ್ತಿದ್ದರು. ಒಮ್ಮೆ ಅವರ ಮನೆಗೆ ಹೋದಾಗ ನಾನು ತಡೆಯಲಾರದೆ ಕೇಳಿದೆ, "ಇನ್ನೊಂದ್ಸಲ ಕರೀಬಹುದಲ್ಲಾ ಟೀಚರೇ? ಬಂದೇ ಬರ್ತಾರೆ."

"ಬರ್ತಾರ್ರೀ, ಕರದ್ರ ಯಾಕ ಬರಂಗಿಲ್ಲ?" ಅಂದರು ಜಯದೇವಿ ಟೀಚರು. "ಬಂದವರನ್ನ ಕಳಸಿಕೊಡೋ ಶಕ್ತಿ ನನ್ನಾಗ ಉಳದಿಲ್ಲ."