ಶೆಟ್ಟರ ಕಾರಿಗೆ ಹೊಸ ಹೆಡ್

ಗೆಳೆಯರೇ, ನೀವೇ ನ್ಯಾಯ ಹೇಳಿ. ಮುಂಬಯಿಯ ಪರೇಲಿನಲ್ಲಿರುವ ನಮ್ಮ ಚಾಳಿನ ಹೋಟೆಲ್ ಶೆಟ್ಟರದು ಮಹಾಯುದ್ಧಕ್ಕೂ ಹಿಂದಿನ ಕಾರು. ದಿನಾ ಚಾಳಿನ ನಾವು ನಾಲ್ವರು ತಳ್ಳಿದರೆ ಮಾತ್ರ ಸ್ಟಾರ್ಟ್ ಆಗುತ್ತಿತ್ತು. ಅದಕ್ಕೆ ಕೂಲಿಯಾಗಿ ಟ್ರಾಮ್ ಸ್ಟಾಪಿನವರೆಗೆ ಸವಾರಿ. ಇಂದು ಕೈಯಿಡುವಷ್ಟರಲ್ಲಿ ಕಾರು ತಾನೇ ಗುರ್ರೆಂದು ಹೊರಟಿತು. ನಾನು ಮುಗ್ಗರಿಸಿ ಬಿದ್ದೆ.

"ಶೆಟ್ರ, ಇದೇನ್ ಮಾಡೀರಿ?" ಎಂದು ಕೂಗಿದೆ.

ಶೆಟ್ಟರು ಕಾರು ನಿಲ್ಲಿಸಿ, "ಎಂಜಿನ್ ರಿಪೇರಿಗೆ ಬಿಚ್ಚಿದಾಗ ಮೆಕ್ಯಾನಿಕ್ ಹಳೇ ಸಿಲಿಂಡರ್ ಹೆಡ್, ಅದೇ ಎಂಜಿನ್ನಿನ ಮೇಲಿನ ಮುಚ್ಚಳ, ತೆಗೆದು ಹೊಸದು ಹಾಕಿದ, ಮಾರಾಯ್ರೆ. ಇನ್ನು ತಳ್ಳುವುದು ಬೇಡ, ಸುಮ್ಮನೆ ಕೂತ್ಕೊಳ್ಳಿ" ಎಂದರು.

"ಬಿಟ್ಟಿ ಕೂಡಾಕ ನಾವೇನ್ ಭಿಕಾರಿಗಳೇನ್ರೀ?" ಎಂದೆ.

ಎಂಜಿನ್ ಬಂದ್ ಮಾಡಿಸಿ, ಮರ್ಯಾದೆಯಾಗಿ ತಳ್ಳುತ್ತಲೇ ಹೋದೆವು. ಹತ್ತಬೇಕೆನ್ನುವಷ್ಟರಲ್ಲಿ ಟ್ರಾಮ್ ಸ್ಟಾಪೇ ಬಂದುಬಿಟ್ಟಿತ್ತು. ನಮ್ಮ ಸ್ವಾಭಿಮಾನ ಉಳಿಯಿತು, ಶೆಟ್ಟರ ಪೆಟ್ರೋಲೂ ಉಳಿಯಿತು.