ನಿನ್ನೆಯ ನೀರು

ನಮ್ಮ ಶಿರಸಿಯ ಮನೆಯಲ್ಲಿ ನಿನ್ನೆಯ ನೀರಿಗೆ ಮರ್ಯಾದೆಯಿರಲಿಲ್ಲ. ಬೆಳಗ್ಗೆ ಎದ್ದವಳೇ ಆಯಿ, ಅಂದರೆ ನನ್ನ ತಾಯಿ, ಕೊಡ ತಂಬಿಗೆಗಳಲ್ಲಿ ಉಳಿದದ್ದನ್ನೆಲ್ಲ ಹಿತ್ತಲಿಗೆ ಚೆಲ್ಲಿ, ತೊಳೆದು, ಬಾವಿಯಿಂದ ಹೊಸ ನೀರು ತುಂಬಿದ ಮೇಲೆಯೇ ಒಲೆ ಹೊತ್ತಿಸುತ್ತಿದ್ದಳು. ಹಳೇ ನೀರಲ್ಲಿ ದೇವರ ಪೂಜೆಯೂ ಇಲ್ಲ, ಚಹಾವೂ ಇಲ್ಲ.

ನಾನು ಓದಲು ಸೇರಿದ್ದು ಧಾರವಾಡದಲ್ಲಿ. ಆ ಊರಿನ ಹೆಮ್ಮೆಯೇನು ಕೇಳುತ್ತೀರಿ. ಎಲ್ಲಿ ನೋಡಿದರೂ ಕಾಲೇಜು, ಕೋಚಿಂಗ್ ಕ್ಲಾಸು, ಬಾಡಿಗೆ ಕೋಣೆ, ಪುಸ್ತಕ ಹಿಡಿದ ಮಕ್ಕಳು. ನಲ್ಲಿಯಲ್ಲಿ ನೀರು ಮಾತ್ರ ವಾರಕ್ಕೊಮ್ಮೆ. ಮಳೆ ಕೈಕೊಟ್ಟ ವರ್ಷ ಅದೂ ಖಾತ್ರಿಯಿಲ್ಲ. ವಿದ್ಯೆಯ ಊರಿನಲ್ಲಿ ನಾನು ಮೊದಲು ಕಲಿತದ್ದು ಒಂದೇ ಬಕೆಟ್‌ನಲ್ಲಿ ಸ್ನಾನವನ್ನೂ ಬಟ್ಟೆಯನ್ನೂ ಮುಗಿಸುವುದನ್ನು.

ಒಂದು ಬೇಸಿಗೆ, ನನ್ನೊಡನೆ ವಾರವಿರಲೆಂದು ಆಯಿ ಬಂದಳು. ಮರುದಿನ ಬೆಳಗ್ಗೆ ಎದ್ದು ನೋಡಿದರೆ ಪಾತ್ರೆಗಳೆಲ್ಲ ಥಳಥಳ, ಎಲ್ಲವೂ ಬೋರಲು. ಆಯಿ ಖಾಲಿ ಕೊಡ ಹಿಡಿದು ನಲ್ಲಿಯ ಮುಂದೆ ನಿಂತಿದ್ದಳು.

"ನಿನ್ನೆ ನೀರೆಲ್ಲ ಆನೇ ಚೆಲ್ಲಿದಿ. ನಲ್ಲೀಲಿ ಎಂತಕ್ಕೆ ಬತ್ತಿಲ್ಲೆ?"

ನನಗೆ ಕೋಣೆ ಬಾಡಿಗೆಗೆ ಕೊಟ್ಟ ಮನೆಯೊಡತಿ ಹೊರಗೆ ಬಂದು ಒದ್ದೆಯಾದ ಅಂಗಳ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು, ಆಯಿಯೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದಳು. ಆದರೆ ಅವರು, "ಇರ್ಲಿ ಬಿಡ್ರಿ ಅಕ್ಕಾರ, ನಮ್ಮ ಹಂಡೇದಾಗ ಐತಲ್ಲ" ಎಂದು ತಮ್ಮ ಪಾಲಿನ ನೀರನ್ನೇ ತಂದು ನಮ್ಮ ಕೊಡಕ್ಕೆ ಸುರಿದರು. ಆಯಿಯ ಮುಖ ಸಣ್ಣದಾಯಿತು. ಮಧ್ಯಾಹ್ನದ ಬಸ್ಸಿಗೇ ಹೊರಟುಬಿಟ್ಟಳು.

ಆಮೇಲೆ ಎಷ್ಟು ಕರೆದರೂ ಬರಲು ಒಪ್ಪಲಿಲ್ಲ, ಒಂದೇ ಮಾತು. "ಆನು ಬತ್ನಿಲ್ಲೆ. ಆ ಅಕ್ಕಂಗೆ ಮುಖ ಹ್ಯಾಂಗೆ ತೋರ್ಸವು?"

ಪದವಿ ಪಡೆಯುವ ದಿನಕ್ಕಾದರೂ ಬಂದೇ ಬರುತ್ತಾಳೆ ಎಂದು ನಾನು ಒಡತಿಯ ಮುಂದೆ ಜಂಬ ಕೊಚ್ಚಿದ್ದೆ. ಬರಲಿಲ್ಲ. ಸಭಾಂಗಣದಲ್ಲಿ ಎಲ್ಲರ ತಾಯಂದಿರೂ ಚಪ್ಪಾಳೆ ತಟ್ಟುವಾಗ ನನಗೆ ಸಿಟ್ಟು ಬಂತು, ಅಳುವೂ ಬಂತು. ಒಬ್ಬಳೇ ಕೋಣೆಗೆ ಮರಳಿದರೆ ಬಾಗಿಲ ಬಳಿ ಮುಚ್ಚಿಟ್ಟ ತಾಮ್ರದ ಕೊಡ. ಒಡತಿ ನನ್ನ ಹಿಂದೆ ಗೇಟಿನತ್ತ ನೋಡಿದರು.

"ಬರಲಿಲ್ಲೇನವಾ ನಿಮ್ಮವ್ವ? ಮುಂಜಾನೆದ್ದು ಚೆಲ್ಲಾಕ ಬೇಕಾಗ್ತೈತಿ ಆಕಿಗೆ ಅಂತ ಒಂದ್ ಕೊಡ ಬ್ಯಾರೇ ತುಂಬಿಟ್ಟಿದ್ದೆ."

ಆ ವಾರ ಅವರ ಮನೆಯವರು ಮುಖ ತೊಳೆದ ನೀರನ್ನೂ ಗಿಡಕ್ಕೆ ಹಾಕುತ್ತಿದ್ದರು. ಸಂಜೆ ಫೋನಿನಲ್ಲಿ ಆಯಿಗೆ ಇದನ್ನು ಹೇಳಿದೆ.

"ತಪ್ಪಾತು. ಆನು ಬರಕ್ಕಾಗಿತ್ತು" ಎಂದಳು.